ಪರದೆಗೊಂದು ಸ್ಟಿಕ್ಕರ್ ಬೊಟ್ಟು

ಕಂಪ್ಯೂಟರ್ ಪರದೆಗೆ ಬೊಟ್ಟಿಟ್ಟಿದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಹೋದ ವಾರ ನಾನು ನೋಡಿದೆ. ಆಯುಧಪೂಜೆಯ ಕುಂಕುಮ ಅಲ್ಲ, ಹೆಂಗಸರು ಹಣೆಗಿಡುವ ಸ್ಟಿಕ್ಕರ್. ಮೆರೂನ್ ಬಣ್ಣದ್ದು.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. (ನಮ್ಮಮ್ಮನಿಗೆ ಇನ್ನೂ ಗೊತ್ತಾಗಿಲ್ಲ.) ಸಾಫ್ಟ್‌ವೇರಿನ ಬಟನ್ನುಗಳಿಗೆ ಸ್ಕಿನ್ ತೊಡಿಸುವುದು. ಬಟನ್ನಿನ ಕೆಲಸ ಅದೇ, ಮೇಲಿನ ಉಡುಪು ಮಾತ್ರ ಬೇರೆ. ಬಣ್ಣ, ಅಂಚು, ನೆರಳು ಎಲ್ಲವನ್ನೂ ಸ್ಟೈಲ್‌ಶೀಟ್ ಎಂಬ ಒಂದು ಫೈಲಿನಲ್ಲಿ ಬರೆದಿಟ್ಟರೆ ಆಯಿತು.

ಈ ಸಲ ಸಿಕ್ಕಿದ್ದು ಹೆಸರಘಟ್ಟದ ಪಕ್ಕದ ಹಳ್ಳಿಯೊಂದರ ಹಾಲಿನ ಡೇರಿಯ ಸಾಫ್ಟ್‌ವೇರ್. ಬಟನ್ನೆಲ್ಲ ಸಿಮೆಂಟ್ ಬಣ್ಣ, ನೋಡಿದರೆ ಅಳು ಬರಬೇಕು. ಯಲಹಂಕದ ನನ್ನ ಕೋಣೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಚಿಕ್ಕಂದಿನಲ್ಲಿ ಅಪ್ಪನ ಸ್ಕೂಟರಿನ ಮುಂದೆ ನಿಂತು ನೋಡಿದ ಹೆಸರಘಟ್ಟದ ಬೆಳಗು ತೇಲಿ ಬಂತು. ಕೆರೆ ಯಾವುದು, ಆಕಾಶ ಯಾವುದು ಎಂದು ತಿಳಿಯದಂಥ ಮಂಜು. ಅದೇ ಬಣ್ಣವನ್ನು ಬಟನ್ನಿಗೂ ಹಾಕಿದೆ, ಅದರ ಹಿಂಬದಿಯ ಪರದೆಗೂ ಹಾಕಿದೆ. ಅಂಚು ತೆಗೆದೆ. ಎಷ್ಟು ಚೆನ್ನಾಗಿತ್ತು ಅಂತೀರಿ!

ಕಳಿಸಿಕೊಟ್ಟು ನಾಲ್ಕು ದಿನ ಬಿಟ್ಟು ಡೇರಿಗೆ ಹೊರಟೆ. ದಾರಿಯುದ್ದಕ್ಕೂ ಮಂಜು. ನನ್ನ ಬಟನ್ನಿನೊಳಗೇ ಸ್ಕೂಟಿ ಓಡಿಸಿದಂತಿತ್ತು.

ಅಲ್ಲಿ ಹಾಲಿನ ಲೆಕ್ಕ ಬರೆಯುವವರು ಲಕ್ಷ್ಮಮ್ಮ. ಆ ಕುರ್ಚಿಗೆ ಬಂದು ಮೂರೇ ತಿಂಗಳು. "ಎಂಗಸ್ರ ಕೈಲಿ ಕಂಪ್ಯೂಟ್ರು ಆಯ್ತದಾ?" ಎಂದು ತಕರಾರು ತೆಗೆದವರ ಮುಂದೆಯೇ ಕೂತವರು. ಹೊಸ ಸ್ಕಿನ್ ಬಂದ ಬೆಳಿಗ್ಗೆ ಅವರಿಗೆ ಸೇವ್ ಬಟನ್ ಕಾಣಿಸಲೇ ಇಲ್ಲವಂತೆ. ಕ್ಯಾನ್ ಹಿಡಿದವರ ಸಾಲು ಬಾಗಿಲು ದಾಟಿತು. "ಏಳಮ್ಮ, ಬೇರೆಯೋರು ಕೂತ್ಕಳ್ಳಿ" ಎಂದು ಯಾರೋ ಕೂಗಿಯೂ ಬಿಟ್ಟರಂತೆ.

ಲಕ್ಷ್ಮಮ್ಮ ಏಳಲಿಲ್ಲ. ಬಟನ್ ಮೇಲೆ ಬಂದರೆ ಮೌಸಿನ ಬಾಣ ಕೈಯ ಗುರುತಾಗುತ್ತದಲ್ಲ, ಬಾಣವನ್ನು ಆಚೀಚೆ ಆಡಿಸಿ ಆ ಜಾಗ ಹುಡುಕಿದರು. ಹಣೆಯ ಬೊಟ್ಟು ತೆಗೆದು, ದಿನವೂ ಸ್ನಾನಕ್ಕೆ ಮುಂಚೆ ಕನ್ನಡಿಗೆ ಅಂಟಿಸುವಂತೆ, ಅಲ್ಲಿಗೆ ಅಂಟಿಸಿದರು. ಬಾಣ ಬೊಟ್ಟಿನ ಹಿಂದೆ ಮರೆಯಾದರೆ ಒತ್ತುವುದು, ಅಷ್ಟೇ.

ಕೇಳಿ ನಾಚಿಕೆಯಾಯಿತು. ನನ್ನ ಚಂದದ ಬಣ್ಣ ಆಕೆಯ ಕುರ್ಚಿಯನ್ನೇ ಕಿತ್ತುಕೊಳ್ಳುತ್ತಿತ್ತಲ್ಲ!

"ಅದು ಮಂಜಿನ ಬಣ್ಣ, ಲಕ್ಷ್ಮಮ್ನೋರೇ" ಎಂದೆ ಮೆಲ್ಲಗೆ.

"ಮಂಜು ಆಚೆನೇ ಬೇಕಾದಷ್ಟು ಐತಲ್ಲಮ್ಮಾ. ಅದ್ನ ಒಳೀಕ್ಯಾಕೆ ತಂದ್ರಿ?"

ಅಲ್ಲೇ ಕೂತು ಸ್ಟೈಲ್‌ಶೀಟಿನ ಒಂದು ಸಾಲು ತಿದ್ದಿದೆ. ಸೇವ್ ಬಟನ್ ಅವರ ಬೊಟ್ಟಿನದೇ ಬಣ್ಣಕ್ಕೆ ತಿರುಗಿತು. ಲಕ್ಷ್ಮಮ್ಮನವರ ಮುಖ ಅರಳಿತು. ಇನ್ನು ಸ್ಟಿಕ್ಕರ್ ಬೇಡವಲ್ಲ ಎಂದು ತೆಗೆಯಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಇರ್ಲಿ ಬಿಡಮ್ಮಾ. ನಾಳೆ ನಿಮ್ಗೆ ಇನ್ನೇನ್ ಕನಸು ಬೀಳ್ತದೋ!"