ಉಪ್ಪುನೀರಿಗೆ ಹಾಕಿದ ಜೀನ್ಸ್ ತುಂಡುಗಳು

ಹೊಸ ಜೀನ್ಸ್ ಬಟ್ಟೆಯನ್ನು ಮೊದಲ ಸಲ ನೀರಿಗೆ ಹಾಕಿದಾಗ ಒಂದು ವಾಸನೆ ಏಳುತ್ತದೆ. ಗಂಜಿಯದೋ, ನೀಲಿಯದೋ, ಎರಡೂ ಸೇರಿದ್ದೋ... ಮೊನ್ನೆ ಮಗಳ ಪ್ಯಾಂಟನ್ನು ಬಕೆಟ್ಟಿಗೆ ಹಾಕಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಆಂಧ್ರದ ಗಡಿಯ ರಾಯದುರ್ಗದ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ ಕಣ್ಣೆದುರು ಬಂದರು.

ಅವರು ಮಡಕಶಿರಾ ಕಡೆಯವರು. ನಮ್ಮೂರಲ್ಲಿ ರೂಮು ಮಾಡಿಕೊಂಡಿದ್ದರು. ಅವರ ಮಾತಿನ ಧಾಟಿ ನಮಗೆ ಭಾರಿ ತಮಾಷೆ. ಬೆನ್ನ ಹಿಂದೆ ಅಣಕಿಸಿ ನಗುತ್ತಿದ್ದೆವು. ಅವರಿಗೂ ಗೊತ್ತಿತ್ತು, ಒಮ್ಮೊಮ್ಮೆ ನಮ್ಮ ಮಾತನ್ನೇ ಅಣಕಿಸಿ ಸೇಡು ತೀರಿಸಿಕೊಳ್ಳುತ್ತಿದ್ದರು.

ಆ ವರ್ಷ ಅನಂತಪುರದ ವಿಜ್ಞಾನ ಮೇಳಕ್ಕೆ ಕನ್ನಡ ಸೆಕ್ಷನ್ನಿನವರು ಹೋಗಬೇಕೆಂದಾಯಿತು. ಅದುವರೆಗೆ ಪ್ರತಿ ವರ್ಷ ತೆಲುಗು ಸೆಕ್ಷನ್ನಿನ ಜ್ವಾಲಾಮುಖಿ ಮಾದರಿಯೇ ಹೋಗಿ ಹೊಗೆ ಉಗುಳಿ ಬರುತ್ತಿತ್ತು. ಆರಿಸಿದ ಮೂವರು ಹುಡುಗಿಯರಲ್ಲಿ ನಾನೂ ಒಬ್ಬಳು. ರೈಲು ಹತ್ತುವುದೇ ನಮಗೆ ದೊಡ್ಡ ಹಬ್ಬ.

ಮೇಡಂ ಮೊದಲ ದಿನ, ಸಂಶೋಧನೆ ಅಂದರೇನು ಎಂದು ಕೇಳಿದರು. ನನ್ನ ಗೆಳತಿ ಎದ್ದು, "ದೊಡ್ಡ ಲ್ಯಾಬಿನಾಗ ಕನ್ನಡಕ ಹಾಕ್ಕೊಂಡು ಮಾಡೋದ್ರಿ" ಅಂದಳು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮನೇಲಿ ದಿನಾ ಮಾಡ್ತೀರ, ಆದ್ರೆ ಯಾಕೆ ಅಂತ ಯಾರೂ ಕೇಳಲ್ಲ, ಅಂಥದ್ದೊಂದು ಹೇಳ್ರಮ್ಮಿ" ಎಂದರು.

"ಹೊಸ ಜೀನ್ಸ್ ಉಪ್ಪುನೀರಾಗ ನೆನೆ ಹಾಕ್ತೀವ್ರಿ. ಬಣ್ಣ ಬಿಡಬಾರ್ದಂತ" ಎಂದೆ.

"ಉಪ್ಪು ಹಾಕಿದ್ರೆ ಬಿಡಲ್ವಾ?"

"ಬಿಡಂಗಿಲ್ರಿ."

"ನೀನು ನೋಡಿದೀಯಾ?"

ನಮ್ಮೂರಲ್ಲಿ ಎಲ್ಲರೂ ಉಪ್ಪು ಹಾಕುವವರೇ. ಹಾಕದೆ ಒಗೆದು ನೋಡಿದವರು ಯಾರೂ ಇರಲಿಲ್ಲ.

ಮರುದಿನವೇ ಮೇಡಂ ಊರಿನ ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ ಒಂದು ಚೀಲ ಚಿಂದಿ ತಂದು, ಅದರಲ್ಲಿ ಎರಡು ತುಂಡು ಆರಿಸಿ ಕೊಟ್ಟರು. ಒಂದನ್ನು ಉಪ್ಪುನೀರಿಗೆ, ಇನ್ನೊಂದನ್ನು ಬರೀ ನೀರಿಗೆ ಹಾಕಿದೆವು. ಒಗೆದೆವು, ಒಣಗಿಸಿದೆವು, ಮತ್ತೆ ಒಗೆದೆವು. ಉಪ್ಪಿನ ತುಂಡು ಗಟ್ಟಿ ನೀಲಿಯಾಗಿಯೇ ಉಳಿಯಿತು, ಇನ್ನೊಂದು ಬಿಳಚಿಕೊಂಡಿತು. ನಮಗಂತೂ ಸ್ವರ್ಗಕ್ಕೆ ಮೂರೇ ಗೇಣು. ಚಾರ್ಟ್ ಬರೆದೆವು. ಮೇಳಕ್ಕೆಂದು ಅವ್ವ ಪೆಟ್ಟಿಗೆಯಿಂದ ನನ್ನ ರೇಷ್ಮೆ ಲಂಗ ತೆಗೆದು ಬಿಸಿಲಿಗೆ ಹಾಕಿದಳು.

ಹೊರಡುವ ಹಿಂದಿನ ದಿನ ಆ ತುಂಡುಗಳನ್ನು ಚಾರ್ಟಿಗೆ ಅಂಟಿಸಲು ಬೋರಲು ಹಾಕಿದೆ. ಒಂದರ ಹಿಂಬದಿ ಬಿಳಿ, ಇನ್ನೊಂದರದು ಮಾಸಲು ಹಳದಿ. ಜೀನ್ಸ್ ಹೊಲಿಯುವವರ ಮನೆಯ ಹುಡುಗಿಗೆ ಅಷ್ಟು ಸಾಕು. ನಾವು 'ತಾನು' ಎನ್ನುವುದು ಬಟ್ಟೆಯ ಇಡೀ ಸುರುಳಿಗೆ. ಒಂದೊಂದು ತಾನಿನ ಬಣ್ಣ ಒಂದೊಂದು ಥರ. ಒಂದೇ ಪ್ಯಾಂಟಿಗೆ ಎರಡು ತಾನಿನ ತುಂಡು ಸೇರಿದರೆ ಒಗೆದ ಮೇಲೆ ಎರಡು ಕಾಲಿಗೂ ಬೇರೆ ಬೇರೆ ಬಣ್ಣ. ಅದಾಗದಂತೆ ತುಂಡುಗಳಿಗೆ ನಂಬರಿನ ಚೀಟಿ ಅಂಟಿಸುವುದು ಮನೆಯಲ್ಲಿ ನನ್ನದೇ ಕೆಲಸ.

ಹೇಳಿದರೆ ಅನಂತಪುರ ಹೋಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ... ತುಂಡುಗಳನ್ನು ಮೇಡಂ ಮುಂದೆ ಹಿಡಿದೆ.

"ಇವೆರಡೂ ಒಂದೇ ತಾನಿನವಲ್ರಿ ಮೇಡಂ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಗೆಳತಿ ತೋಳು ಜಿಗುಟಿದಳು.

ಮೇಡಂ ತುಂಡುಗಳನ್ನು ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ನೋಡಿದರು. ಬೈಯುತ್ತಾರೆಂದೇ ಕಾದಿದ್ದೆ.

"ಅಂಗಾದ್ರೆ ಬಣ್ಣ ಉಪ್ಪಿಂದ ನಿಂತಿದ್ದೋ, ಬಟ್ಟೇನೇ ಅಂಥದ್ದೋ, ನಮಗೆ ಗೊತ್ತಿಲ್ಲ" ಎಂದರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟರು. "ತಪ್ಪು ನಂದಮ್ಮಿ, ಚಿಂದಿ ಆರಿಸಿದ್ದು ನಾನು. ಇಷ್ಟು ದಿನ ಬಟ್ಟೆ ಒಗೆದ್ವಿ. ಸಂಶೋಧನೆ ಈಗ ಶುರುವಾಯ್ತು ನೋಡ್ರಿ."

ಅವರೊಬ್ಬರೇ ಹೆಡ್‌ಮಾಸ್ತರ ಕೋಣೆಗೆ ಹೋಗಿ ಬಂದರು. ಮೇಳಕ್ಕೆ ಜ್ವಾಲಾಮುಖಿಯೇ ಹೋಯಿತು. ಗೆಳತಿಯರು ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟರು. ಲಂಗ ಮತ್ತೆ ಪೆಟ್ಟಿಗೆ ಸೇರಿದಾಗ ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮೇಡಂ ಮಾತ್ರ ಬಿಡಲಿಲ್ಲ. ಅವ್ವನಿಂದ ಒಂದೇ ತಾನಿನ ತುಂಡುಗಳನ್ನು ತರಿಸಿ ಮೊದಲಿನಿಂದ ಶುರು ಮಾಡಿಸಿದರು. ಈ ಸಲ ಎರಡೂ ಒಂದೇ ಸಮ ಬಿಳಚಿಕೊಂಡವು. 'ಉಪ್ಪಿನಿಂದ ಏನೂ ಆಗುವುದಿಲ್ಲ' ಎಂದು ನಾನು ಚಾರ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಯಲು ಹೊರಟೆ. ಅವರು ನನ್ನ ಪೆನ್ನು ಹಿಡಿದು ತಡೆದರು.

"ನಮಗೆ ಯತ್ಯಾಸ ಕಾಣ್ಲಿಲ್ಲ ಅಂತ ಬರಿ. ನಾವು ನೋಡಿದ್ದು ಇಷ್ಟೇ ಬಟ್ಟೆ ಅಲ್ವಾ?"

ಆ ಚಾರ್ಟಿಗೆ ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ತರಗತಿಯ ಗೋಡೆಯ ಮೇಲಿತ್ತು, ಯಾವಾಗಲೋ ಹರಿದುಹೋಯಿತು.

ಈಗ ನಾನು ಬಳ್ಳಾರಿಯಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುತ್ತೇನೆ. ಮೊದಲ ಪ್ರಾಜೆಕ್ಟಿಗೆ ಬರುವವರಿಗೆ ಬೇಕಾದ ಉತ್ತರ ಬಂದರೆ ಸಾಕು, ಓಡಿ ಬಂದು ತೋರಿಸುತ್ತಾರೆ. ಅವರ ಮುಖದ ಖುಷಿ ನೋಡಿ, ಇನ್ನೊಮ್ಮೆ ಮಾಡಿ ಎನ್ನಲು ನನಗೆ ಬಾಯಿಯೇ ಬರುವುದಿಲ್ಲ. ಆದರೂ ಎನ್ನುತ್ತೇನೆ.

ಹೋದ ವರ್ಷ ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಹಳೆಯ ತೆಲುಗು ಟೀಚರ್ ಸಿಕ್ಕಿದ್ದರು. ಮೇಡಂ ತೀರಿಕೊಂಡ ಸುದ್ದಿ ಅವರೇ ಹೇಳಿದ್ದು. ಆ ಮೇಳದ ಕಥೆಯನ್ನೂ ಹೇಳಿದರು. ಕನ್ನಡ ಸೆಕ್ಷನ್ನಿಗೆ ಒಂದು ಸಲ ಅವಕಾಶ ಕೊಡಿ ಎಂದು ಮೇಡಂ ಹೆಡ್‌ಮಾಸ್ತರನ್ನು ವರ್ಷವಿಡೀ ಕಾಡಿ ಬೇಡಿದ್ದರಂತೆ. ನಾವು ಮೇಳಕ್ಕೆ ಹೋಗುವುದಿಲ್ಲವೆಂದು ಮೇಡಂ ಹೇಳಲು ಹೋದ ದಿನ, ಇನ್ನು ಮುಂದೆ ನಿಮ್ಮ ಸೆಕ್ಷನ್ ಹೆಸರು ಎತ್ತಬೇಡಿ ಎಂದು ಹೆಡ್‌ಮಾಸ್ತರು ಎಲ್ಲರ ಎದುರು ರೇಗಿದ್ದರಂತೆ. ಆಮೇಲೆ ಆ ಅವಕಾಶ ಮತ್ತೆ ಸಿಗಲೇ ಇಲ್ಲ.

"ನಾನೂ ಹೇಳಿದ್ನವ್ವಾ, ಯಾರಿಗೆ ಗೊತ್ತಾಗ್ತೈತಿ, ಸುಮ್ನ ಹೋಗಿ ಬರ್ರಿ ಅಂತ" ಎಂದರು ಟೀಚರ್. "ಅದಕ್ಕ ಅವರು ಏನಂದ್ರು ಗೊತ್ತೇನು? ಆ ಹುಡುಗಿ ಹೆದರ್ಕಂಡೇ ಬಾಯಿ ಬಿಟ್ಟವಳೆ, ನಾನೆಂಗೆ ಮುಚ್ಕಳ್ಳಲಿ ಅಂದ್ರು."

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಮೇಡಂ ನನಗೆ ಇದನ್ನು ಎಂದೂ ಹೇಳಿರಲಿಲ್ಲ. ಮಡಕಶಿರಾಕ್ಕೆ ಒಮ್ಮೆ ಹೋಗಿ ಅವರನ್ನು ನೋಡಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳನ್ನು ಕಳೆದಿದ್ದೆ... ಈಗ ಹೋದರೂ ಅಲ್ಲಿ ಅವರಿಲ್ಲ.