ನಲವತ್ತು ಸೂಜಿ

ನಮ್ಮ ವೃದ್ಧಾಶ್ರಮದ ಕೆಳಗಿನ ಅಂತಸ್ತಿನಲ್ಲಿ, ಏಳನೇ ರೂಮಿನಲ್ಲಿ ಒಬ್ಬ ಟೈಲರ್ ಇದ್ದ. ನನ್ನ ರೂಮು ಮೊದಲನೇ ಮಹಡಿಯಲ್ಲಿ. ನಾವೆಲ್ಲ ಟೈಲರಣ್ಣ ಅನ್ನುತ್ತಿದ್ದೆವು. ಹನ್ನೊಂದನೇ ವಯಸ್ಸಿಗೆ ಅಂಗಡಿ ಸೇರಿ ಮೊದಲು ದಾರದ ತುಂಡು ಗುಡಿಸಿದವನು. ಆಮೇಲೆ ಎರಡು ವರ್ಷ ಗುಂಡಿಗೆ ಕಾಜಾ, ಐದು ವರ್ಷ ಜೇಬು, ಅದಾದ ಮೇಲೆ ಕತ್ತರಿ. ಐವತ್ತೆಂಟು ವರ್ಷ ಕೋಟು ಹೊಲಿದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತಮ್ಮನ ಮಗ ಕರೆತಂದು ಬಿಟ್ಟು ಹೋದ. ಬರುವಾಗ ಒಂದು ಪೆಟ್ಟಿಗೆ, ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನು ತಂದಿದ್ದ.

ಆಶ್ರಮದ ಪರದೆ, ದಿಂಬಿನ ಚೀಲ, ಮುದುಕರ ಅಂಗಿಯ ಗುಂಡಿ ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಬಾಯಿ ಮಾತ್ರ ಬಲು ಕೆಟ್ಟದ್ದು. ಪಕ್ಕದ ರೂಮಿನ ಗುಮಾಸ್ತರನ್ನು ಕಂಡರೆ, “ಎದೆ ಮೂವತ್ತಾರು, ಹೊಟ್ಟೆ ನಲವತ್ನಾಲ್ಕು, ತಲೆ ಸೊನ್ನೆ” ಎಂದು ಅಳತೆ ಹೇಳುತ್ತಿದ್ದ. ನಾನು ಊಟದ ರಿಜಿಸ್ಟರಿನಲ್ಲಿ ನಿಧಾನವಾಗಿ ನನ್ನ ಹೆಸರು ಬರೆಯುತ್ತಿದ್ದರೆ ಹಿಂದೆ ಬಂದು ನಿಂತು, “ಏನಮ್ಮಾ, ಹೆಸರು ಮುಗಿಯೋಷ್ಟರಲ್ಲಿ ಊಟ ತಣ್ಣಗಾಗುತ್ತಲ್ಲ” ಅನ್ನುವನು. ನನಗೆ ಸಿಟ್ಟು ಬರುತ್ತಿತ್ತು. ಆದರೂ ನನ್ನ ಲಂಗಗಳನ್ನು ಅವನ ಹತ್ತಿರವೇ ಕೊಡುತ್ತಿದ್ದೆ. ಅಷ್ಟು ಸಣ್ಣ ಹೊಲಿಗೆ ನಾನು ಬೇರೆ ಕಡೆ ಕಂಡಿಲ್ಲ.

ನಮ್ಮಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಮೂರನೇ ಮಹಡಿಗೆ. ಕಣ್ಣು ಹೋದವರು, ನಡೆಯಲಾರದವರು, ದಾರಿ ಮರೆತವರು ಅಲ್ಲಿಗೆ. ಅಲ್ಲಿ ಬಾಗಿಲಿನ ಚಿಲಕ ಹೊರಗಡೆ. ಉಗುರು ಕತ್ತರಿಸುವ ಕಟರನ್ನೂ ಕೈಗೆ ಕೊಡುವುದಿಲ್ಲ. ಹೋದವರು ಯಾರೂ ನಡೆದುಕೊಂಡು ಕೆಳಗೆ ಬಂದಿಲ್ಲ.

ಟೈಲರಣ್ಣನ ಕಣ್ಣು ಮಂಜಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಆರು ತಿಂಗಳಿಗೊಮ್ಮೆ ಡಾಕ್ಟರ್ ಬಂದು ಅಕ್ಷರದ ಹಾಳೆ ತೂಗುಹಾಕಿ ಓದಿಸುತ್ತಿದ್ದರು. ಎಷ್ಟೋ ವರ್ಷದಿಂದ ಅದೇ ಹಾಳೆ. ಇವನಿಗೆ ಅದು ಬಾಯಿಪಾಠ. ಎದೆ ಸೆಟೆಸಿ ನಿಂತು ಗಿಣಿಯ ಹಾಗೆ ಒಪ್ಪಿಸಿ ಬರುತ್ತಿದ್ದ. ಬಟ್ಟೆಯನ್ನು ಬೆರಳಲ್ಲೇ ನೋಡಿ ಹೊಲಿಯುತ್ತಿದ್ದ. ಸೂಜಿಗೆ ದಾರ ಪೋಣಿಸುವುದು ಮಾತ್ರ ಬೆರಳಿಂದ ಆಗುವ ಕೆಲಸವಲ್ಲ.

ಆ ವರ್ಷ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಪ್ರತಿ ಮಂಗಳವಾರ ಮಧ್ಯಾಹ್ನ ಬರತೊಡಗಿದರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಮುದುಕ, ಇಲ್ಲವೇ ಮುದುಕಿ. ಎರಡು ಗಂಟೆ ಮಾತಾಡಬೇಕು, ವರ್ಷದ ಕೊನೆಗೆ ಆ ಗೆಳೆತನದ ಮೇಲೆ ಪ್ರಬಂಧ ಬರೆದು ಎಲ್ಲರ ಮುಂದೆ ಓದಬೇಕು, ಅದಕ್ಕೆ ಮಾರ್ಕ್ಸು. ನನಗೆ ಸಿಕ್ಕ ಹುಡುಗ ಮೂರು ವಾರ ಬಂದು ನಾಪತ್ತೆಯಾದ. ಟೈಲರಣ್ಣನಿಗೆ ಸಿಕ್ಕವಳು ಒಂದು ತೆಳ್ಳನೆ ಹುಡುಗಿ.

“ಭುಜ ಹದಿಮೂರು, ಸೊಂಟ ಇಪ್ಪತ್ತನಾಲ್ಕು. ಇದೇನು ಹುಡುಗೀನೋ ಕಡ್ಡೀನೋ?” ಎಂದ ಮೊದಲ ದಿನ.

“ನಿಮ್ಮ ಟೇಪು ತಪ್ಪು ತಾತ, ಇಪ್ಪತ್ತಾರು.”

“ಟೇಪೇ ಹಿಡಿದಿಲ್ಲ, ತಪ್ಪೆಲ್ಲಿಂದ ಬರುತ್ತೆ? ಊಟ ಮಾಡೇ ಕಡ್ಡಿ.”

ಅವಳು ನಕ್ಕಳು. ಅವತ್ತಿನಿಂದ ಅವಳು ಕಡ್ಡಿ. ಹೊಲಿಗೆ ಕಲಿಸಿ ಎಂದು ಕೇಳಿದಳು. ಅವನು ದೊಡ್ಡ ಉಸ್ತಾದನ ಗತ್ತಿನಲ್ಲಿ, “ಕಲಿಯೋಕೆ ಬಂದವರು ಮೊದಲು ಸೂಜಿ ಪೋಣಿಸಬೇಕು. ನಲವತ್ತು. ಇಪ್ಪತ್ತು ಕಪ್ಪು, ಇಪ್ಪತ್ತು ಬಿಳಿ. ಕಪ್ಪು ಈ ಸೂಜಿ ಚುಚ್ಚೋ ದಿಂಬಿನ ಎಡಕ್ಕೆ, ಬಿಳಿ ಬಲಕ್ಕೆ. ನಾನೂ ಹೀಗೇ ಕಲಿತದ್ದು” ಎಂದ. ವಾರಕ್ಕೆ ನಲವತ್ತು ಸಾಕಾಗುತ್ತಿತ್ತು. ಮೆಷಿನ್ನಿಗೂ ಅವಳೇ ದಾರ ಹಾಕಿ ಹೋಗುವಳು. ನಡುವೆ ದಾರ ಹರಿದರೆ ಅವನು ಮೆಷಿನ್ನು ಮುಚ್ಚಿ, “ಇವತ್ತು ಮನಸ್ಸಿಲ್ಲ” ಎಂದು ಅಂಗಳಕ್ಕೆ ಬಂದು ಕೂರುತ್ತಿದ್ದ. ಮುಂದಿನ ಮಂಗಳವಾರದವರೆಗೂ ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಒಮ್ಮೆ ಕಡ್ಡಿ ಮಾತಿನ ಭರದಲ್ಲಿ ಎಡ ಬಲ ಅದಲು ಬದಲು ಮಾಡಿ ಹೋದಳು. ಗುಮಾಸ್ತರ ಕರಿ ಪ್ಯಾಂಟಿನ ಅಂಚಿಗೆಲ್ಲ ಬಿಳಿ ಹೊಲಿಗೆ ಬಿತ್ತು. ಗುಮಾಸ್ತರು ಊಟದ ಹಾಲ್‌ನಲ್ಲಿ ಪ್ಯಾಂಟು ಎತ್ತಿ ಹಿಡಿದು ಕೂಗಾಡಿದರು.

“ಏನಯ್ಯಾ ಇದು, ಕರಿ ಪ್ಯಾಂಟಿಗೆ ಬಿಳಿ ದಾರ! ಕಣ್ಣು ಕಾಣುತ್ತೋ ಇಲ್ವೋ ನಿಂಗೆ?”

“ಈಗ ಇದೇ ಫ್ಯಾಷನ್ನು ಕಣಯ್ಯಾ. ಕಾಲೇಜು ಹುಡುಗೀನ ಕೇಳು. ನಿನ್ನ ಮುಖಕ್ಕೆ ಹೊಂದಲ್ಲ ಅಂದ್ರೆ ಪ್ಯಾಂಟಿನ ತಪ್ಪಾ?”

ಎಲ್ಲರೂ ನಕ್ಕು ಮರೆತರು. ನಾನು ನಗಲಿಲ್ಲ. ಕೂಗುತ್ತಿದ್ದವರ ಮುಖ ಒಂದು ಕಡೆ ಇದ್ದರೆ ಅವನು ನೋಡಿ ಉತ್ತರ ಕೊಟ್ಟದ್ದು ಪ್ಯಾಂಟಿನ ಕಡೆಗೆ.

ಅವನಿಗೆ ಕಾಣುವುದಿಲ್ಲವೆಂದು ಕಡ್ಡಿಗೂ ನಿಧಾನವಾಗಿ ತಿಳಿಯಿತು. ಅವಳು ಅವನನ್ನು ಏನೂ ಕೇಳಲಿಲ್ಲ. ಮಂಗಳವಾರದ ಜೊತೆಗೆ ಶುಕ್ರವಾರವೂ ಬರತೊಡಗಿದಳು. ಅಂಗಳದ ಮೆಟ್ಟಿಲಿಳಿಯುವಾಗ ಮಾತಾಡುತ್ತಲೇ ಅವನ ಮೊಣಕೈ ಹಿಡಿಯುವಳು. ಅವನು ಅವಳಿಗೊಂದು ಕೋಟು ಹೊಲಿದ. ಭುಜ ಕೂರಿಸಲು ಮೂರು ಸಲ ಬಿಚ್ಚಿದ. ಅವರಿಬ್ಬರ ನಡುವೆ ಎಲ್ಲ ಮಾತೂ ಆಗುತ್ತಿತ್ತು, ಇದೊಂದನ್ನು ಬಿಟ್ಟು. “ಯಾರಿಗೂ ಹೇಳಬೇಡ” ಎನ್ನಬೇಕಾದರೆ ಅವನು ಮೊದಲು “ನನಗೆ ಕಾಣುವುದಿಲ್ಲ” ಎನ್ನಬೇಕಿತ್ತು. ಅದು ಅವನ ಬಾಯಲ್ಲಿ ಬರಲಿಲ್ಲ. ಮೂರನೇ ಮಹಡಿಯ ವಿಷಯ ಹೊರಗಿನ ಹುಡುಗಿಗೆ ಗೊತ್ತಿರಲಿಲ್ಲ.

ಪ್ರಬಂಧ ಓದುವ ದಿನ ಹಾಲ್‌ನಲ್ಲಿ ಕುರ್ಚಿ ಹಾಕಿದರು. ಆಶ್ರಮ ನಡೆಸುವ ಮೇಡಂ, ವಿಶ್ವವಿದ್ಯಾಲಯದ ಲೆಕ್ಚರರು, ಡಾಕ್ಟರು ಮುಂದಿನ ಸಾಲಿನಲ್ಲಿ. ಕಡ್ಡಿ ಆ ಕೋಟು ಹಾಕಿಕೊಂಡು ಬಂದಿದ್ದಳು. ಟೈಲರಣ್ಣ ಕ್ಷೌರ ಮಾಡಿಸಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ.

“ನನ್ನ ತಾತನಿಗೆ ಕಣ್ಣು ಕಾಣುವುದಿಲ್ಲ” ಎಂದು ಅವಳು ಓದಲು ಶುರುಮಾಡಿದಳು. “ಪ್ರತಿ ಮಂಗಳವಾರ ನಾನು ಅವರಿಗೆ ನಲವತ್ತು ಸೂಜಿ ಪೋಣಿಸಿ ಕೊಡುತ್ತೇನೆ. ಉಳಿದದ್ದನ್ನೆಲ್ಲ ಅವರು ಬೆರಳಿನಿಂದ ನೋಡುತ್ತಾರೆ…”

ಚೆನ್ನಾಗಿ ಬರೆದಿದ್ದಳು. ಲೆಕ್ಚರರು ಕಣ್ಣೊರೆಸಿಕೊಂಡರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಟೈಲರಣ್ಣನೂ ಮೆಲ್ಲಗೆ ಎರಡು ಸಲ ತಟ್ಟಿದ. ಮೇಡಂ ತಿರುಗಿ ನೋಡಿ, “ಪಾಪ, ನಮಗೆ ಗೊತ್ತೇ ಇರ್ಲಿಲ್ಲ ನೋಡಿ” ಅಂದರು. ಬಹಳ ಮೆದುವಾಗಿಯೇ ಅಂದರು.

ಮರುದಿನ ಬೆಳಿಗ್ಗೆ ಡಾಕ್ಟರು ಬೇರೆ ಹಾಳೆ ತಂದರು. ಅದರಲ್ಲಿ ಅಕ್ಷರವಿರಲಿಲ್ಲ, ಬರೀ ಅಂಕಿಗಳು. ನಾವು ನಾಲ್ಕೈದು ಜನ ಬಾಗಿಲಲ್ಲಿ ಸಾಲಾಗಿ ಕೂತಿದ್ದೆವು. ಟೈಲರಣ್ಣ ಎದೆ ಸೆಟೆಸಿ ನಿಂತ.

“ರ. ನ, ಬ. ತ, ಕ, ಮ…”

ಡಾಕ್ಟರು ತಡೆಯಲಿಲ್ಲ. ಕೊನೆಯ ಸಾಲಿನವರೆಗೂ ಹೇಳಿಸಿದರು. ಗುಮಾಸ್ತರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು. ಮುಗಿದ ಮೇಲೆ ಟೈಲರಣ್ಣ, “ಒಂದೂ ತಪ್ಪಿಲ್ಲ ಅಲ್ವಾ ಡಾಕ್ಟ್ರೇ?” ಎಂದ. “ಇಲ್ಲ ತಾತ, ಕೂತ್ಕೊಳ್ಳಿ” ಎಂದರು ಡಾಕ್ಟರು, ಬರೆಯುತ್ತಾ.

ಮಧ್ಯಾಹ್ನದ ಹೊತ್ತಿಗೆ ಅವನನ್ನು ಮೇಲಕ್ಕೆ ಕರೆದೊಯ್ದರು. ಸೂಜಿ, ಕತ್ತರಿ ತೆಗೆದಿಟ್ಟುಕೊಂಡರು. ಮೆಷಿನ್ನನ್ನು ಆಫೀಸಿನ ಮೂಲೆಗೆ ತಳ್ಳಿ ಅದರ ಮೇಲೆ ಹೂಕುಂಡ ಇಟ್ಟರು.

ಕಡ್ಡಿ ವಿಷಯ ತಿಳಿದು ಓಡಿ ಬಂದಳು. ಮೇಡಂ ಹತ್ತಿರ ಅತ್ತಳು, ಪ್ರಬಂಧ ಹರಿದು ಹಾಕುತ್ತೇನೆ ಅಂದಳು. ಮೇಡಂ ಅವಳಿಗೆ ನೀರು ಕೊಟ್ಟರು. ನಾನೇ ಅವಳನ್ನು ಮೂರನೇ ಮಹಡಿಗೆ ಕರೆದುಕೊಂಡು ಹೋದೆ. ಅವನು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ.

“ತಾತ, ನಾನು, ಕಡ್ಡಿ.”

“ಗೊತ್ತಾಯ್ತು. ಎಷ್ಟು ಬಂತು ಮಾರ್ಕ್ಸು?”

“ತಾತ, ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ…”

“ಎಷ್ಟು ಬಂತು ಅಂತ ಕೇಳ್ದೆ.”

“ತೊಂಬತ್ತೆರಡು.”

“ಸದ್ಯ, ಇಬ್ಬರಲ್ಲಿ ಒಬ್ಬರಾದ್ರೂ ಪಾಸಾದ್ವಿ. ಇನ್ನು ಹೊರಡು. ನಿನ್ನ ಎರಡು ಗಂಟೆ ಮುಗೀತು.”

ಅವಳು ಅವನ ಕೈ ಹಿಡಿಯಲು ಹೋದಳು. ಅವನು ತಾನೇ ಹೊಲಿದ ಕೋಟಿನ ತೋಳನ್ನು ಬೆರಳಲ್ಲಿ ತಡವಿ, ಗುರುತು ಸಿಕ್ಕಿದ ಮೇಲೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೂ ಅವಳು ನಾಲ್ಕು ಮಂಗಳವಾರ ಬಂದಳು. ನಾಲ್ಕು ಸಲವೂ ಅವನು ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದ. ಐದನೆಯ ವಾರ ಅವಳು ಬರಲಿಲ್ಲ.

ಆ ತಿಂಗಳಲ್ಲೇ ಮೇಡಂ ನನ್ನನ್ನು ಕರೆದು, “ಏಳನೇ ರೂಮು ಖಾಲಿ ಇದೆ, ನಿಮಗೆ ಮೆಟ್ಟಿಲು ಹತ್ತೋಕೆ ಕಷ್ಟ ಅಲ್ವಾ?” ಅಂದರು. ನಾನು ಯೋಚನೆಗೆ ಒಂದು ದಿನವನ್ನೂ ಕೇಳಲಿಲ್ಲ. ಆಗಲಿ ಎಂದೆ. ಬೇರೆಯವರ ಬಾಯಿಂದ ತಿಳಿಯುವುದು ಬೇಡ ಎಂದು ಅವನಿಗೆ ನಾನೇ ಹೋಗಿ ಹೇಳಿದೆ.

ಅವನು ನನ್ನ ದನಿಯ ಕಡೆಗೆ ಮುಖ ತಿರುಗಿಸಿದ. ಆಮೇಲೆ ಕೇಳಿದ, “ನಂಗೆ ಕಾಣ್ಸಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ? ಆವಾಗ್ಲೇ ಹೇಳಿದ್ರೆ ರೂಮು ಆವಾಗ್ಲೇ ಸಿಗ್ತಿತ್ತಲ್ಲಮ್ಮಾ.”

ನಾನು ಎದ್ದು ಹೊರಗೆ ಬಂದೆ, ಆಯಾ ನನ್ನ ಹಿಂದೆ ಚಿಲಕ ಹಾಕಿದಳು. ಅವನು ಆಮೇಲೆ ಏಳು ತಿಂಗಳು ಬದುಕಿದ್ದ. ನಾನು ಮತ್ತೆ ಮೇಲಕ್ಕೆ ಹೋಗಲಿಲ್ಲ.