ಸುಶೀಲಾ ಕಾಕುವಿನ ಹೂವು

ಸುಶೀಲಾ ಕಾಕುಗೆ ಹೊಸಬರ ಹೆಸರು ಬೇಕಿರಲಿಲ್ಲ, ಹುಟ್ಟಿದ ತಿಂಗಳು ಬೇಕಿತ್ತು. ಲಿಂಗಂಪಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ನಾವು ಸಾಮಾನು ಇಳಿಸುತ್ತಿದ್ದಾಗ ಎದುರು ಮನೆಯ ಬಾಗಿಲಲ್ಲಿ ನಿಂತು ಅವರು ಕೇಳಿದ ಮೊದಲ ಮಾತೇ ಅದು. ಜುಲೈ ಅಂದೆ. ಇಂಗ್ಲಿಷ್ ತಿಂಗಳು ಬ್ಯಾಡ, ಮಾಸ ಹೇಳ್ರಿ ಅಂದರು. ನಾನು ಊರಿಗೆ ಫೋನು ಹಚ್ಚಿ ಅವ್ವನನ್ನು ಕೇಳಿ ಆಷಾಢ ಅಂತ ತಿಳಿಸುವವರೆಗೆ ಚಹಾ ಕೊಡಲಿಲ್ಲ. ಚಹಾದ ಜೊತೆಗೆ ತೀರ್ಪೂ ಬಂತು. ನಾನು ಕ್ಯಾದಗಿ ಹೂವಂತೆ. "ದೂರದಿಂದ ವಾಸನಿ ಭಾಳ ಚಲೋ. ಹತ್ರ ಹೋದವ್ರ ಕೈ ಗೀರತೈತಿ." ನನ್ನ ಹೆಂಡತಿ ಅಷ್ಟು ಮನಸಾರೆ ನಕ್ಕಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಈ ಹುಚ್ಚು ಹತ್ತಿದ್ದು ಮೊಮ್ಮಗಳು ಫೋನಿಗೆ ಕಳಿಸಿದ ಒಂದು ಚಿತ್ರದಿಂದ. ತಿಂಗಳಿಗೊಂದು ಹೂವು, ಹೂವಿಗೊಂದು ಗುಣ. ಮಾರ್ಚಿಗೆ ಡ್ಯಾಫೊಡಿಲ್ ಅಂತಿತ್ತು. ಅದನ್ನು ಯಾವ ದೇವರಿಗೆ ಏರಿಸುತ್ತಾರೆ ಅಂತ ಕಾಕು ಮೊಮ್ಮಗಳನ್ನೇ ಗದರಿದರಂತೆ. ಆಮೇಲೆ ಸೇಡಂ ಕಡೆಯ ತಮ್ಮೂರಿನ ಬೇಲಿ, ಗುಡಿ, ಹಿತ್ತಲು ಎಲ್ಲ ನೆನೆಸಿಕೊಂಡು ತಮ್ಮದೇ ಲೆಕ್ಕ ಕಟ್ಟಿದರು. ಚೈತ್ರಕ್ಕೆ ಮಲ್ಲಿಗೆ, ಕಾರ್ತೀಕಕ್ಕೆ ಶಾವಂತಿಗಿ, ಹೀಗೆ. ಹುಟ್ಟಿದ ದಿನ ಬೆಳಗಾದರೆ ಅವರವರ ಹೂವು ಅವರವರ ಬಾಗಿಲಿಗೆ. ಗುಣಗಳನ್ನು ಹೂವು ನೋಡಿ ಹೇಳುತ್ತಿದ್ದರೋ ಮನುಷ್ಯರನ್ನು ನೋಡಿ ಹೇಳುತ್ತಿದ್ದರೋ, ದೇವರೇ ಬಲ್ಲ. ಹೂವು ಪೇರಿಸಿ ಪೂಜಿಸುವ ಬತುಕಮ್ಮ ಹಬ್ಬದಲ್ಲಿ ಹುಟ್ಟಿದ ವಾಚ್‌ಮನ್ ಯಾದಯ್ಯನಿಗೆ ತಂಗೇಡು, ಅಂದರೆ ನಮ್ಮ ಆವರಿಕೆ ಹೂವು ಸಿಕ್ಕಿತು. ಅದಿಲ್ಲದೆ ಬತುಕಮ್ಮನೇ ಏಳುವುದಿಲ್ಲ ಅಂತ ಹೇಳಿದ್ದೇ ತಡ, ಆತ ಸೆಕ್ರೆಟರಿಯ ಮುಂದೆ ಎದೆ ಉಬ್ಬಿಸಿಕೊಂಡು ನಡೆಯತೊಡಗಿದ.

ಹೆಚ್ಚು ಪೆಟ್ಟು ತಿಂದವರು ಕಾಕುವಿನ ಗಂಡ, ರೈಲ್ವೆಯಿಂದ ನಿವೃತ್ತರಾದ ಕಾಕಾ. ಅವರದು ಫಾಲ್ಗುಣ, ಮುತ್ತಗದ ಹೂವು. "ನೋಡಾಕ ಬೆಂಕಿ. ಮೂಗಿಗೆ ಹಿಡಿದ್ರ ಏನೂ ಇಲ್ಲ. ಅದರ ಎಲಿ ನೋಡ್ರಿ, ಪತ್ರಾವಳಿ ಆಗಿ ಊಟದ ಹೊತ್ತಿಗೆ ಸರಿಯಾಗಿ ಬಂದು ಕುಂದರತೈತಿ," ಅಂತ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಕಾಕಾ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಊರಿಗೆಲ್ಲ ಹೂವು ಹಂಚಿದ ಕಾಕುಗೆ ಮಾತ್ರ ಹೂವಿರಲಿಲ್ಲ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಿದ್ದರು, ಅಪ್ಪನಿಗೆ ತಿಂಗಳು ನೆನಪಿರಲಿಲ್ಲ. ಶಾಲೆಗೆ ಹಾಕುವಾಗ ಮಾಸ್ತರರು ಎಲ್ಲ ಹುಡುಗರಿಗೂ ಬರೆದ ಹಾಗೆ ಜೂನ್ ಒಂದು ಅಂತ ಬರೆದುಬಿಟ್ಟಿದ್ದರು. ಹಾಗಾದರೆ ನಿಮಗೆ ಗುಲ್‌ಮೊಹರ್ ಹಾಕೋಣ ಬಿಡ್ರಿ ಅಂತ ನಾನೊಮ್ಮೆ ಚೇಷ್ಟೆ ಮಾಡಿದೆ.

"ಅದು ಮಾಸ್ತರರ ಹೂವು. ನಂದಲ್ಲ," ಅಂದರು. ಆ ಮಾತಿನಲ್ಲಿ ನಗು ಇರಲಿಲ್ಲ.

ಹೊಲದ ಜಗಳದಲ್ಲಿ ಬಳಕೆ ತಪ್ಪಿಹೋಗಿದ್ದ ಸೋದರತ್ತೆಯೊಬ್ಬರು ಕಣ್ಣಿನ ಆಪರೇಷನ್ನಿಗೆ ಅಂತ ಸಿಕಂದರಾಬಾದಿಗೆ ಬಂದದ್ದು ಗೊತ್ತಾದಾಗ ಕಾಕು ಹಳೇ ಸಿಟ್ಟೆಲ್ಲ ಬಿಟ್ಟು ಓಡಿದರು. ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಗಿದ್ದರು. ಮುದುಕಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಲ್ಲಿಂದಲೇ ಕಾಕು ಹುಟ್ಟಿದ ಕತೆಯೆಲ್ಲ ಹೇಳಿತು. ದೀಪಾವಳಿ ಆಗಲೇ ಮುಗಿದಿತ್ತಂತೆ. ಹೊಲಕ್ಕೆ ಬುತ್ತಿ ಒಯ್ದ ತಾಯಿ ಅಲ್ಲೇ ಬದುವಿನ ಮೇಲೆ ಹಡೆದರಂತೆ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿತ್ತಂತೆ.

ಕಾರ್ತೀಕ ಅಂದಮೇಲೆ ಶಾವಂತಿಗಿ ಅಂತ ನಾವೆಲ್ಲ ತೀರ್ಮಾನಿಸಿಬಿಟ್ಟೆವು. ಕಾಕು ಒಪ್ಪಲಿಲ್ಲ. "ನಮ್ಮ ಹೊಲದಾಗ ಶಾವಂತಿಗಿ ಎಲ್ಲಿತ್ತು? ನಮ್ಮವ್ವ ನನ್ನ ಮಾರಿ ನೋಡಿದಾಗ ಸುತ್ತ ಇದ್ದದ್ದು ತೊಗರಿ ಹೂ. ನಂದು ಅದೇ."

ಯಾರೂ ಮುಡಿಯದ, ಯಾವ ದೇವರೂ ಕೇಳದ ಹೂವಿಗೆ ಏನು ಗುಣ ಹೇಳುತ್ತೀರಿ ಅಂತ ಕೆಣಕಿದೆ. ಹೊಟ್ಟೆಗೆ ಬರುತ್ತದೆ, ಅದೇ ಗುಣ, ನಿನ್ನ ಕ್ಯಾದಗಿ ಕುದಿಸಿ ಉಣ್ಣಲಿಕ್ಕೆ ಬರುತ್ತದೇನು ಅಂತ ಬಾಯಿ ಮುಚ್ಚಿಸಿದರು.

ಮುಂದಿನ ಕಾರ್ತೀಕದಲ್ಲಿ ಹೂವಿಗಾಗಿ ಹುಡುಕಿದೆ. ಹೂವಿನಂಗಡಿಯವರೆಲ್ಲ ನನ್ನ ಮುಖ ನೋಡಿ ನಕ್ಕರು. ಕೊನೆಗೆ ಒಂದು ಬಟ್ಟಲು ತೊಗರಿ ಬೇಳೆಯನ್ನೇ ಕಾಕುವಿನ ಬಾಗಿಲಿಗೆ ಇಟ್ಟೆ. ಕಾಕು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಂಜೆ ಅದೇ ಬೇಳೆಯ ಸಾರು ಮನೆಮನೆಗೂ ಬಂತು.

ಮರುವರ್ಷ ದಸರೆಗೆ ಮುಂಚೆಯೇ ಕಾಕು ಹೋಗಿಬಿಟ್ಟರು. ನಮಗೆಲ್ಲ ಮನೆಯ ಹಿರಿಯರನ್ನು ಕಳಕೊಂಡಷ್ಟೇ ದುಃಖವಾಯಿತು. ದೀಪಾವಳಿ ಕಳೆದು ಕೆಲವು ದಿನವಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಕಾಕಾನ ಬಾಗಿಲಿಗೆ ಬೀಗ. ಫೋನು ಮನೆಯೊಳಗೇ ರಿಂಗಾಗುತ್ತಿತ್ತು. ಯಾದಯ್ಯ, ನಾನು ಸ್ಟೇಷನ್ನಿನವರೆಗೂ ಹುಡುಕಿಬಂದೆವು.

ಸಂಜೆ ಕಾಕಾ ತಾವಾಗೇ ಬಂದರು. ಚಪ್ಪಲಿಗೆ ಕರಿ ಮಣ್ಣು ಮೆತ್ತಿತ್ತು, ಕೈಯಲ್ಲಿ ಒದ್ದೆ ಟವೆಲ್ಲಿನ ಗಂಟು. ರೈಲು ಹಿಡಿದು ತಾಂಡೂರಿಗೆ ಹೋಗಿ, ಯಾರದೋ ಹೊಲದಲ್ಲಿ ಕೇಳಿಕೊಂಡು, ಹೂ ಬಿಟ್ಟ ತೊಗರಿಯ ಟೊಂಗೆಗಳನ್ನು ಮುರಿದು ತಂದಿದ್ದರು. ನಾವು ಕಾಕುವಿನ ಫೋಟೋಕ್ಕೆ ಹಾಕಿದ್ದ ಶಾವಂತಿಗಿ ಮಾಲೆ ತೆಗೆದು ಅವನ್ನು ಇಟ್ಟರು. ಒಂದು ಮಾತು ಹೇಳಿ ಹೋಗಬಾರದಿತ್ತೇನು ಕಾಕಾ ಅಂದೆ.

"ಹ್ವಾದ ವರ್ಷ ನೀ ಬ್ಯಾಳಿ ಇಟ್ಟ ದಿನ ಅಕಿ ನನ್ನ ಮುಂದ ಅಂದ್ಲು, ಆ ಹೂ ಒಮ್ಮೆ ನೋಡಬೇಕ್ರೀ ಅಂತ," ಅಂದರು ಕಾಕಾ. "ನಾ ಪೇಪರ್ ಓದಾಕತ್ತಿದ್ದೆ."